‘ಬೊಂಬಾಟ್’: ಮೆಚ್ಚುಗೆಯ ಒಂದು ಪದ, ಮೂಲದ ಹಲವು ಊಹೆಗಳು

ಸೂಕ್ಷ್ಮ ಬೋಧನೆಯಲ್ಲಿ ಪುನರ್ಬಲನ ಕೌಶಲವನ್ನು ಅಭ್ಯಾಸ ಮಾಡುವಾಗ ನಮ್ಮ ಬಾಯಲ್ಲಿ ಬರುವ ಮೆಚ್ಚುಗೆಯ ಮಾತುಗಳು ಮೂರೋ ನಾಲ್ಕೋ: ಗುಡ್, ವೆರಿ ಗುಡ್, ಉತ್ತಮ, ಸರಿಯಾದ ಉತ್ತರ. ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಉಲ್ಲಾಳದ ಒಂದು ಶಾಲೆ (ಮಂಗಳೂರಿನ ಉಳ್ಳಾಲವಲ್ಲ, ಕೆಂಗೇರಿ ಕಡೆಯ ಉಲ್ಲಾಳ). ಎಂಟನೇ ತರಗತಿಗೆ ಘರ್ಷಣೆಯ ಪಾಠ ಮಾಡುತ್ತಿದ್ದಾಗ, ಕೇರಂ ಬೋರ್ಡಿಗೆ ಪೌಡರ್ ಹಾಕುವುದೇಕೆಂದು ಒಬ್ಬ ಹುಡುಗ ತಾನಾಗಿಯೇ ವಿವರಿಸಿದ. ‘ಬೊಂಬಾಟ್!’ ಎಂದೆ. ಅವಲೋಕನಕ್ಕೆ ಕೂತಿದ್ದ ಸಹಪಾಠಿ ‘ಬೀದಿ ಮಾತು, ಮೂಲವಿಲ್ಲದ ಪದ, ಬಳಸಬಾರದು’ ಎಂದು ಷರಾ ಬರೆದರು. ಈ ಷರಾವನ್ನು ನಾನು ಒಪ್ಪುವುದಿಲ್ಲ. ಕಾರಣ ಹೇಳುತ್ತೇನೆ.

ಅರ್ಥದಲ್ಲಿ ಗೊಂದಲವೇ ಇಲ್ಲ. ಬಹಳ ಚೆನ್ನಾಗಿದೆ, ಭರ್ಜರಿಯಾಗಿದೆ ಎಂಬುದೇ ಅರ್ಥ. ಬೊಂಬಾಟ್ ಊಟ, ಬೊಂಬಾಟಾಗಿ ಆಡಿದ, ಹೀಗೆ ಎಲ್ಲಿ ಬೇಕಾದರೂ ಕೂರುತ್ತದೆ. ಸ್ವರ ಸ್ವಲ್ಪ ಎಳೆದರೆ ವ್ಯಂಗ್ಯವೂ ಆಗುತ್ತದೆ: ‘ಬೊಂಬಾಟ್ ಆಯ್ತು ಬಿಡು!’ 2008ರಲ್ಲಿ ಗಣೇಶ್ ನಟಿಸಿದ ಚಿತ್ರಕ್ಕೆ ಇದೇ ಹೆಸರಿತ್ತು. ಯಾರೂ ಅರ್ಥ ಕೇಳಲಿಲ್ಲ.

ಕಷ್ಟವಿರುವುದು ಮೂಲದಲ್ಲಿ. ಇಂಗ್ಲಿಷಿನ ಬಾಂಬ್ ಅಥವಾ ಬಂಬಾರ್ಡ್‌ನಿಂದ ಬಂತೆನ್ನುವುದು ಒಂದು ಊಹೆ. ‘ಬಾರ್ಡ್’ ಎಂಬುದು ‘ಬಾಟ್’ ಆಗುವುದು ಅಸಾಧ್ಯವೇನಲ್ಲ. ಲಾರ್ಡ್ ಸಾಹೇಬ ನಮ್ಮ ಜನರ ಬಾಯಲ್ಲಿ ಲಾಟ್ ಸಾಹೇಬನಾಗಿದ್ದಾನೆ. ಆದರೆ ಬಾಂಬ್ ಕನ್ನಡಕ್ಕೆ ಬಾಂಬ್ ಆಗಿಯೇ ಬಂದಿದೆ, ‘ಬೊಂಬ್’ ಆಗಿ ಅಲ್ಲ. ಎರಡನೆಯ ಊಹೆ ಮರಾಠಿಯ ಕಡೆಗೆ ಕೈ ತೋರಿಸುತ್ತದೆ. ಅಲ್ಲಿ ‘ಬೋಂಬ್’ ಎಂದರೆ ಬೊಬ್ಬೆ, ‘ಬೋಭಾಟಾ’ ಎಂದರೆ ಊರೆಲ್ಲ ಗುಲ್ಲಾಗುವುದು. ನಮ್ಮ ‘ಬೊಬ್ಬೆ’ಯೂ ದೂರವಿಲ್ಲ, ಕೂಗಾಟ, ಕಿರುಚಾಟಗಳ ‘ಆಟ’ ಪ್ರತ್ಯಯವನ್ನು ಅದಕ್ಕೆ ಹಚ್ಚಿ ನೋಡಿ. ನನಗೆ ಈ ದಾರಿಯೇ ಹೆಚ್ಚು ಹಿಡಿಸುತ್ತದೆ. ಗದ್ದಲದ ಪದ ಹೊಗಳಿಕೆಯಾಗುವುದು ಹೇಗೆ ಎಂದು ಕೇಳಬಹುದು. ‘ಸಖತ್’ನ ಹಿಂದಿರುವ ಪಾರಸಿ ಪದಕ್ಕೆ ಗಟ್ಟಿ, ಕಠಿಣ ಎಂಬ ಅರ್ಥ. ಇಂಗ್ಲಿಷಿನ ‘ಟೆರಿಫಿಕ್’ ಭಯದಿಂದ ಹುಟ್ಟಿದ ಪದ. ‘ಭಯಂಕರ ಚೆನ್ನಾಗಿದೆ’ ಎನ್ನುವ ನಮಗೆ ಇದು ಹೊಸದೇ?

ಮರುದಿನ ಬಿಡುವಿನ ಅವಧಿಯಲ್ಲಿ ಇದನ್ನೇ ತರಗತಿಯ ಮುಂದಿಟ್ಟೆ. ‘ಬೊಂಬೆ ಆಟ ಮಿಸ್, ನೋಡೋಕೆ ಚೆನ್ನಾಗಿರುತ್ತಲ್ಲ’ ಎಂದಳು ಒಬ್ಬಳು. ‘ಹಾಗಾದ್ರೆ ಬೊಂಬೆಯಾಟ ಅಂತಲೇ ಇರಬೇಕಿತ್ತು, ಯಕಾರ ಎಲ್ಲಿಗೆ ಹೋಯ್ತು?’ ಎಂದು ಪಕ್ಕದವನು ಎದ್ದ. ಆಗಮ ಸಂಧಿಯನ್ನು ಯಾರೂ ಕೇಳದೆಯೇ ನೆನೆದ ಮಕ್ಕಳನ್ನು ನಾನು ನೋಡಿದ್ದು ಅದೇ ಮೊದಲು. ಊಹೆ, ಅದಕ್ಕೆ ಆಧಾರ, ಅದನ್ನು ಒಡೆಯುವ ಆಕ್ಷೇಪ: ವಿಜ್ಞಾನದ ಪಾಠ ಯೋಜನೆಯಲ್ಲಿ ನಾವು ಬರೆಯುವುದೂ ಇದನ್ನೇ ಅಲ್ಲವೇ.

ಅಮೆರಿಕದಲ್ಲೂ ಇಂಥದೊಂದು ಪದವಿದೆ, ‘ಕೋಪಸೆಟಿಕ್’. ಎಲ್ಲ ಸೊಗಸಾಗಿದೆ ಎಂದು ಅರ್ಥ. 1919ರ ಒಂದು ಕಾದಂಬರಿಯಲ್ಲಿ ಅದು ಅಚ್ಚಾಗಿದೆ. ಹೀಬ್ರೂ, ಫ್ರೆಂಚ್, ಇಟಾಲಿಯನ್ ಎಂದು ಮೂಲ ಹುಡುಕಿದವರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ‘ಓಕೆ’ಯ ಕತೆ ಬೇರೆ. ಅದಕ್ಕೂ ಹತ್ತಾರು ಕಟ್ಟುಕತೆಗಳಿದ್ದವು. 1960ರ ದಶಕದಲ್ಲಿ ಆಲೆನ್ ವಾಕರ್ ರೀಡ್ ಎಂಬ ವಿದ್ವಾಂಸರು ಹಳೆಯ ಪತ್ರಿಕೆಗಳನ್ನು ಜಾಲಾಡಿ, ಬಾಸ್ಟನ್ನಿನ ಪತ್ರಿಕೆಯೊಂದರ 1839ರ ಮಾರ್ಚ್ 23ರ ಸಂಚಿಕೆಯನ್ನು ತೋರಿಸಿದರು. ‘ಆಲ್ ಕರೆಕ್ಟ್’ ಎಂಬುದನ್ನು ತಮಾಷೆಗೆ ತಪ್ಪು ಕಾಗುಣಿತದಲ್ಲಿ ಬರೆದು ಮಾಡಿದ ಸಂಕ್ಷೇಪ ಅದು. ತಪ್ಪು ಕಾಗುಣಿತದ ಆ ಮಗುವನ್ನು ಇಂದು ಯಾವ ಅವಲೋಕಕರೂ ತರಗತಿಯಿಂದ ಹೊರಗೆ ಹಾಕುವುದಿಲ್ಲ.

ಬೊಂಬಾಟ್‌ಗೂ ಬೇಕಿರುವುದು ಅಂಥ ಹುಡುಕಾಟವೇ: ಹಳೆಯ ಪತ್ರಿಕೆ, ಕಂಪನಿ ನಾಟಕ, ಸಿನಿಮಾ ಸಂಭಾಷಣೆಗಳಲ್ಲಿ ಪದ ಮೊದಲು ಎಲ್ಲಿ, ಯಾವ ಅರ್ಥದಲ್ಲಿ ಬಂತೆಂದು ನೋಡುವುದು. ಕನ್ನಡ ಬೋಧನಾ ವಿಷಯದ ಗೆಳೆಯರಿಗೆ ಇದು ಒಳ್ಳೆಯ ಪ್ರಾಜೆಕ್ಟ್ ಆದೀತು. ನಾನಂತೂ ಮುಂದಿನ ಪಾಠ ಯೋಜನೆಯ ಪುನರ್ಬಲನದ ಅಂಕಣದಲ್ಲಿ ‘ಉತ್ತಮ’ದ ಪಕ್ಕದಲ್ಲೇ ಅದನ್ನು ಬರೆದಿದ್ದೇನೆ. ಮಾರ್ಗದರ್ಶಕರ ಸಹಿ ಇನ್ನೂ ಆಗಬೇಕಿದೆ.