ಸರ್ವರ್‌ನಿಂದ ನಕಲಾದ ಕಡತ ಕೆಡುವುದೇಕೆ? ದೋಷವನ್ನು ಪತ್ತೆ ಹಚ್ಚುವ ಬಗೆ

ಲೆಕ್ಕಪತ್ರ, ದಾಸ್ತಾನು ವಿವರ, ಜಿಎಸ್‌ಟಿ ಬಿಲ್ಲುಗಳು, ಯಂತ್ರಭಾಗಗಳ ನಕ್ಷೆಗಳು, ಸಿಎನ್‌ಸಿ ಯಂತ್ರದ ಪ್ರೋಗ್ರಾಂಗಳು ಇವೆಲ್ಲವನ್ನೂ ಒಂದೇ ಸರ್ವರ್‌ನಲ್ಲಿರಿಸಿ ಸಿಬ್ಬಂದಿಯು ಅಲ್ಲಿಂದ ನಕಲು ಮಾಡಿಕೊಳ್ಳುವ ಪದ್ಧತಿ ಸಣ್ಣ ಉದ್ಯಮಗಳಲ್ಲಿಯೂ ಸಾಮಾನ್ಯವಾಗಿದೆ. ನಕಲು ಪೂರ್ಣಗೊಂಡಿತೆಂದು ಗಣಕಯಂತ್ರವು ತಿಳಿಸುತ್ತದೆ. ಆದರೆ ಕೆಲವು ವಾರಗಳ ತರುವಾಯ ಆ ಕಡತವು ತೆರೆಯುವುದೇ ಇಲ್ಲ. ಇದಕ್ಕಿಂತಲೂ ಅಪಾಯಕಾರಿಯಾದುದು, ಕಡತವು ತೆರೆದು ಅದರೊಳಗಿನ ಒಂದು ಅಂಕಿ ಮಾತ್ರ ಬದಲಾಗಿರುವುದು. ಗಣಕದ ಸಂಕೇತದಲ್ಲಿ ಒಂದೇ ಒಂದು ಬಿಟ್ ತಿರುಗಿದರೆ 1 ಎಂಬ ಅಂಕಿಯು 3, 5 ಅಥವಾ 9 ಆಗಬಲ್ಲದು. ಸಿಎನ್‌ಸಿ ಪ್ರೋಗ್ರಾಂನ ಅಳತೆಯಲ್ಲಿ ಹೀಗಾದರೆ ಪರಿಣಾಮವೇನೆಂಬುದನ್ನು ಕಾರ್ಖಾನೆ ನಡೆಸುವವರಿಗೆ ವಿವರಿಸಬೇಕಾಗಿಲ್ಲ.

ಕಾನೂನಿನ ಹೊಣೆಯೂ ಇದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ, ಆಯಾ ವರ್ಷದ ವಾರ್ಷಿಕ ವಿವರಣಾ ಪತ್ರ ಸಲ್ಲಿಕೆಯ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಿಕೊಳ್ಳಬೇಕು. ವಿದ್ಯುನ್ಮಾನ ರೂಪದಲ್ಲಿ ಲೆಕ್ಕವಿಡುವ ಕಂಪನಿಗಳು ಪ್ರತಿದಿನವೂ ಬ್ಯಾಕಪ್ ಮಾಡಿ ಭಾರತದಲ್ಲಿರುವ ಸರ್ವರ್‌ನಲ್ಲಿ ಇರಿಸಬೇಕೆಂದು 2022ರ ಆಗಸ್ಟ್‌ನಲ್ಲಿ ನಿಯಮ ತಿದ್ದುಪಡಿಯಾಯಿತು. ಬ್ಯಾಕಪ್ ಇದ್ದು ಅದು ಕೆಟ್ಟಿದ್ದರೆ, ಇಲ್ಲದಿದ್ದಂತೆಯೇ ಸರಿ.

ಜಾಲದಲ್ಲಿ ಸಾಗುವ ಮಾಹಿತಿಗೆ ತಪಾಸಣೆಯೇ ಇಲ್ಲವೆಂದು ಭಾವಿಸಬಾರದು. ಎರಡು ಹಂತದ ತಪಾಸಣೆ ಇದೆ. ಈಥರ್‌ನೆಟ್ ಚೌಕಟ್ಟಿಗೆ 32 ಬಿಟ್‌ಗಳ ಪರೀಕ್ಷಾಂಕವೂ ಅದರೊಳಗಿನ ಟಿಸಿಪಿ ಪೊಟ್ಟಣಕ್ಕೆ 16 ಬಿಟ್‌ಗಳ ಪರೀಕ್ಷಾಂಕವೂ ಇರುತ್ತವೆ. ಎರಡನೆಯದು ಕೇವಲ ಒಂದು ಮೊತ್ತ. ತಾಳೆಪಟ್ಟಿಯ ಎರಡೂ ಬದಿ ಹೊಂದಿದರೂ ಒಳಗೆ ಪರಸ್ಪರ ಸರಿದೂಗುವ ತಪ್ಪುಗಳಿರಬಹುದೆಂಬುದು ನಮ್ಮ ಗುಮಾಸ್ತರಿಗೆ ತಿಳಿದ ಸಂಗತಿ. ಇಲ್ಲಿಯೂ ಹಾಗೆಯೇ, ಪೊಟ್ಟಣದೊಳಗಿನ 16 ಬಿಟ್‌ಗಳ ಎರಡು ಪದಗಳು ಸ್ಥಾನ ಬದಲಿಸಿಕೊಂಡರೆ ಮೊತ್ತದಲ್ಲಿ ವ್ಯತ್ಯಾಸವೇ ಕಾಣದು. ಜೊನಾಥನ್ ಸ್ಟೋನ್ ಮತ್ತು ಕ್ರೇಗ್ ಪಾರ್ಟ್ರಿಜ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1,100ರಿಂದ 32,000 ಪೊಟ್ಟಣಗಳಿಗೆ ಒಂದರಂತೆ ಟಿಸಿಪಿ ತಪಾಸಣೆಯಲ್ಲಿ ಅನುತ್ತೀರ್ಣವಾಗುತ್ತಿದ್ದುದು ಕಂಡುಬಂತು. ಇವು ಮೊದಲ ಹಂತದ ತಪಾಸಣೆಯನ್ನು ದಾಟಿ ಬಂದವು. ಅಂದರೆ ಮಾಹಿತಿ ಕೆಟ್ಟದ್ದು ಹೆಚ್ಚಾಗಿ ತಂತಿಯಲ್ಲಲ್ಲ, ಎರಡು ತುದಿಯ ಯಂತ್ರಗಳಲ್ಲಿ ಅಥವಾ ನಡುವಣ ಉಪಕರಣಗಳಲ್ಲಿ.

ಆದುದರಿಂದ, ದೂರು ಬಂದೊಡನೆ ಕೇಬಲ್ ಬದಲಿಸುವ ರೂಢಿಯು ಅಷ್ಟು ಸಮಂಜಸವಲ್ಲ. ಕೆಟ್ಟ ಕೇಬಲ್‌ನಿಂದ ನಕಲು ನಿಧಾನವಾಗುವುದೇ ಹೆಚ್ಚು; ತಪ್ಪಾದ ಚೌಕಟ್ಟುಗಳು ತಿರಸ್ಕೃತವಾಗಿ ಮತ್ತೆ ಕಳುಹಿಸಲ್ಪಡುತ್ತವೆ. ರ್ಯಾಮ್‌ನ ದೋಷವಾದರೋ ಬೇರೆ ಬಗೆಯದು. ಪರೀಕ್ಷಾಂಕವನ್ನು ಲೆಕ್ಕ ಹಾಕುವುದಕ್ಕೆ ಮುಂಚೆ ಅಥವಾ ತಪಾಸಣೆ ಮುಗಿದ ಮೇಲೆ ಮಾಹಿತಿಯು ಅಲ್ಲಿ ಕೆಟ್ಟರೆ ಜಾಲದ ಯಾವ ಕಾವಲೂ ಅದನ್ನು ಹಿಡಿಯಲಾರದು.

ಪತ್ತೆಕಾರ್ಯಕ್ಕೆ ತೊಡಗುವ ಮುನ್ನ ಒಂದು ಸಾಮಾನ್ಯ ಕಾರಣವನ್ನು ಬದಿಗೆ ಸರಿಸಿಕೊಳ್ಳಬೇಕು. ಲೆಕ್ಕದ ತಂತ್ರಾಂಶವು ಬಳಕೆಯಲ್ಲಿರುವಾಗಲೇ ಅದರ ಕಡತಗಳನ್ನು ನಕಲು ಮಾಡಿದರೆ ಅರ್ಧ ಹಳೆಯದು, ಅರ್ಧ ಹೊಸದು ಆದ ಪ್ರತಿ ದೊರೆಯುತ್ತದೆ. ಇದು ಯಂತ್ರದ ದೋಷವಲ್ಲ. ಎಲ್ಲರೂ ತಂತ್ರಾಂಶದಿಂದ ಹೊರಬಂದ ಮೇಲೆ ನಕಲು ಮಾಡಬೇಕು, ಇಲ್ಲವೇ ತಂತ್ರಾಂಶದ್ದೇ ಆದ ಬ್ಯಾಕಪ್ ಸೌಲಭ್ಯವನ್ನು ಬಳಸಬೇಕು. ನಕಲಿನ ಗಾತ್ರವೇ ಕಡಿಮೆಯಿದ್ದರೆ ನಡುವೆ ವಿದ್ಯುತ್ ಹೋಗಿರಬಹುದು ಅಥವಾ ಡಿಸ್ಕ್ ತುಂಬಿರಬಹುದು. ಅದನ್ನು ತಿಳಿಯುವುದು ಸುಲಭ.

ಗಾತ್ರ ಒಂದೇ ಇದ್ದು ಒಳಗಿನ ಮಾಹಿತಿ ಬೇರೆಯಾಗಿದ್ದರೆ ಮಾತ್ರ ನಿಜವಾದ ಕೆಲಸ ಆರಂಭ. ವಿಂಡೋಸ್‌ನೊಂದಿಗೇ ಬರುವ ಸರ್ಟ್‌ಯುಟಿಲ್ ಎಂಬ ಆಜ್ಞೆಯಿಂದ ಯಾವುದೇ ಕಡತದ ಎಸ್‌ಎಚ್‌ಎ-256 ಎಂಬ 'ಬೆರಳಚ್ಚನ್ನು' ಪಡೆಯಬಹುದು. ಇದಕ್ಕೆ ಪ್ರತ್ಯೇಕ ಖರ್ಚಿಲ್ಲ. ಒಂದೆರಡು ಗಿಗಾಬೈಟ್ ಗಾತ್ರದ, ಯಾರೂ ಬಳಸದಿರುವ ಕಡತವೊಂದನ್ನು ಆರಿಸಿ, ಸರ್ವರ್‌ನಲ್ಲಿಯೇ ಕುಳಿತು ಅದರ ಬೆರಳಚ್ಚನ್ನು ಎರಡು ಮೂರು ಬಾರಿ ತೆಗೆಯಿರಿ. ಅದೇ ಕಡತಕ್ಕೆ ಪ್ರತಿ ಬಾರಿಯೂ ಬೇರೆ ಉತ್ತರ ಬಂದರೆ ದೋಷವಿರುವುದು ಸರ್ವರ್‌ನ ರ್ಯಾಮ್, ಡಿಸ್ಕ್ ಅಥವಾ ಅದರ ನಿಯಂತ್ರಕದಲ್ಲಿ, ಜಾಲ ನಿರ್ದೋಷಿ. ಉತ್ತರ ಸ್ಥಿರವಾಗಿದ್ದರೆ ಮೂರು ಬೇರೆ ಬೇರೆ ಗಣಕಗಳಿಗೆ ಹಲವು ಬಾರಿ ನಕಲು ಮಾಡಿ ತಾಳೆ ನೋಡಬೇಕು. ಒಂದೇ ಗಣಕದಲ್ಲಿ ವ್ಯತ್ಯಾಸ ಕಂಡರೆ ಸಂಶಯ ಆ ಗಣಕದ ಮೇಲೆ. ಎಲ್ಲದರಲ್ಲಿಯೂ ಕಂಡರೆ ಸರ್ವರ್‌ನ ಜಾಲಕಾರ್ಡು, ಅದರ ಚಾಲಕ ತಂತ್ರಾಂಶ ಅಥವಾ ಸ್ವಿಚ್ ಮೇಲೆ. ಜಾಲಕಾರ್ಡು ತಾನೇ ಪರೀಕ್ಷಾಂಕ ಲೆಕ್ಕ ಹಾಕುವ ಸೌಲಭ್ಯವನ್ನು ತಾತ್ಕಾಲಿಕವಾಗಿ ನಿಲ್ಲಿಸಿ ನೋಡುವುದೂ ಉಪಯುಕ್ತ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಸ್ವಿಚ್, ಕಾರ್ಡು, ಕೇಬಲ್ ಮೂರನ್ನೂ ಒಟ್ಟಿಗೆ ಬದಲಿಸಿ ಬಿಲ್ಲು ನೀಡುವ ತಂತ್ರಜ್ಞರಿಂದ ದೋಷ ಯಾವುದೆಂಬುದು ಎಂದಿಗೂ ತಿಳಿಯದು. ರ್ಯಾಮ್ ಬಗ್ಗೆ ಅನುಮಾನವಿದ್ದರೆ ಮೆಮ್‌ಟೆಸ್ಟ್86 ಪರೀಕ್ಷೆಯನ್ನು ರಾತ್ರಿಯಿಡೀ ನಡೆಸತಕ್ಕದ್ದು.

ಇಲ್ಲೊಂದು ಸೂಕ್ಷ್ಮವಿದೆ. ಈಗಷ್ಟೇ ನಕಲಾದ ಕಡತವನ್ನು ಗಣಕವು ಡಿಸ್ಕ್‌ನಿಂದ ಓದದೆ ರ್ಯಾಮ್‌ನಲ್ಲಿ ಉಳಿದಿರುವ ಪ್ರತಿಯಿಂದಲೇ ಓದಬಹುದು. ಡಿಸ್ಕ್‌ಗೆ ತಪ್ಪಾಗಿ ಬರೆದಿದ್ದರೂ ಬೆರಳಚ್ಚು ಆಗ ಸರಿಯೆಂದೇ ಬರುತ್ತದೆ. ಗಣಕವನ್ನು ಮರುಪ್ರಾರಂಭಿಸಿದ ಮೇಲೆಯೇ ಅಂತಿಮ ತಾಳೆ ಮಾಡಬೇಕು.

ದೊಡ್ಡ ಸಂಸ್ಥೆಗಳೂ ಇದರಿಂದ ಹೊರತಲ್ಲ. 2008ರ ಜುಲೈ 20ರಂದು ಅಮೆಜಾನ್‌ನ ಎಸ್‌3 ಸಂಗ್ರಹ ಸೇವೆ ಹಲವು ಗಂಟೆಗಳ ಕಾಲ ಸ್ಥಗಿತವಾಗಲು ಕಾರಣ, ಸರ್ವರ್‌ಗಳ ನಡುವಿನ ಕೆಲವು ಸಂದೇಶಗಳಲ್ಲಿ ಒಂದೊಂದು ಬಿಟ್ ಕೆಟ್ಟಿದ್ದುದು. ಗ್ರಾಹಕರ ಮಾಹಿತಿಗೆ ಬೆರಳಚ್ಚಿನ ರಕ್ಷಣೆಯಿತ್ತು; ಆ ಆಂತರಿಕ ಸಂದೇಶಗಳಿಗೆ ಇರಲಿಲ್ಲ.

ದೋಷ ಪತ್ತೆಯಾಗುವವರೆಗೆ ಕಡತಗಳನ್ನು 'ಕಟ್' ಮಾಡಿ ಸ್ಥಳಾಂತರಿಸುವುದನ್ನು ನಿಲ್ಲಿಸಿ, ಮೂಲಪ್ರತಿಯನ್ನು ಉಳಿಸಿಕೊಳ್ಳಿ. ಒಂದೇ ಬ್ಯಾಕಪ್ ಡಿಸ್ಕ್‌ನ ಮೇಲೆ ಪ್ರತಿರಾತ್ರಿ ಹೊಸ ಪ್ರತಿ ಬರೆಯುತ್ತಿದ್ದರೆ ಕೆಟ್ಟ ಕಡತವು ಒಳ್ಳೆಯದನ್ನು ಅಳಿಸಿಬಿಡುತ್ತದೆ. ಹಳೆಯ ಕೆಲವು ತಿಂಗಳ ಪ್ರತಿಗಳೂ ಪ್ರತ್ಯೇಕವಾಗಿರಲಿ. ಎರಡು ಡಿಸ್ಕ್‌ಗಳ ರೇಡ್ ವ್ಯವಸ್ಥೆಯನ್ನು ನಂಬಿ ಕೂರುವಂತಿಲ್ಲ, ಅದು ತಪ್ಪನ್ನೂ ಎರಡೂ ಕಡೆ ನಿಷ್ಠೆಯಿಂದ ಬರೆಯುತ್ತದೆ. ಹೊಸ ಸರ್ವರ್‌ಗೆ ದರಪಟ್ಟಿ ತರಿಸುವಾಗ ಇಸಿಸಿ ರ್ಯಾಮ್ ಎಂದು ಸ್ಪಷ್ಟವಾಗಿ ನಮೂದಿಸಿ. ಒಂದು ಬಿಟ್‌ನ ತಪ್ಪನ್ನು ಅದು ತಾನೇ ತಿದ್ದುತ್ತದೆ, ಎರಡಾದರೆ ಎಚ್ಚರಿಸುತ್ತದೆ. ಅಗ್ಗದ ಬೆಲೆಗೆಂದು ಮೇಜಿನ ಗಣಕವನ್ನೇ ಸರ್ವರ್ ಎಂದು ಮಾರುವವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಈ ಬಾಬು ಇರುವುದಿಲ್ಲ.