ಲಕ್ವ ಹೊಡೆದ ಕೈ, ದುಡಿದು ಸೋತ ಬೆನ್ನು

ಪಾರ್ಶ್ವವಾಯುವಿಗೆ ಹೊನ್ನಾವರ, ಭಟ್ಕಳ, ಕುಮಟಾ ಕಡೆಯ ಮಾತಿನಲ್ಲಿ ಲಕ್ವ ಎಂದು ಹೆಸರು. ಬಿದ್ದುಹೋದಂತೆ ಕಾಣುವುದು ಮೈಯ ಒಂದು ಮಗ್ಗುಲಾದರೂ ಕಾಯಿಲೆಯ ಮೂಲ ತಲೆಯೊಳಗಿದೆ. ಮಿದುಳಿಗೆ ರಕ್ತ ಒಯ್ಯುವ ನಾಳವೊಂದು ಹೆಪ್ಪು ಸಿಕ್ಕಿ ಕಟ್ಟಿಕೊಂಡಾಗ, ಇಲ್ಲವೇ ಒಡೆದು ಸೋರಿದಾಗ, ಆ ನಾಳವನ್ನೇ ನಂಬಿಕೊಂಡಿದ್ದ ನರಕೋಶಗಳು ಸಾಯತೊಡಗುತ್ತವೆ. ದೊಡ್ಡ ನಾಳ ಕಟ್ಟಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಷ್ಟವಾಗುತ್ತವೆ ಎಂಬ ಲೆಕ್ಕ 2006ರಲ್ಲಿ ಪ್ರಕಟವಾಯಿತು. ಮಿದುಳಿನ ಎಡಭಾಗ ಮೈಯ ಬಲಮಗ್ಗುಲನ್ನು ಆಳುತ್ತದೆ, ಹೆಚ್ಚಿನವರಲ್ಲಿ ಮಾತಿನ ನೆಲೆಯೂ ಅಲ್ಲೇ ಇದೆ. ಬಲಗೈ ಬಿದ್ದವರಲ್ಲಿ ಮಾತೂ ನಿಲ್ಲುವುದು ಹೆಚ್ಚಾಗಿ ಕಾಣುವುದು ಇದರಿಂದಲೇ.

ಬಾಯಿ ಒಂದು ಕಡೆಗೆ ಓರೆಯಾಗುವುದು, ಎತ್ತಿ ಹಿಡಿದ ಎರಡು ಕೈಗಳಲ್ಲಿ ಒಂದು ತಾನಾಗಿ ಇಳಿಯುವುದು, ಮಾತು ತೊದಲುವುದು: ಈ ಮೂರರಲ್ಲಿ ಒಂದು ಕಂಡರೂ ಗಡಿಯಾರ ನೋಡಿಕೊಳ್ಳಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದು ಮೂರು ಗಂಟೆಯೊಳಗೆ ಕೊಟ್ಟರೆ ಫಲ ಕೊಡುತ್ತದೆ ಎಂದು 1995ರಲ್ಲಿ ಅಮೆರಿಕದ ಪ್ರಯೋಗವೊಂದು ತೋರಿಸಿತು. 2008ರಲ್ಲಿ ಯುರೋಪಿನ ಪ್ರಯೋಗ ಆ ಅವಧಿಯನ್ನು ನಾಲ್ಕೂವರೆ ಗಂಟೆಗೆ ಹಿಗ್ಗಿಸಿತು. ತೊಡೆಯ ನಾಳದ ಮೂಲಕ ಸಣ್ಣ ಕೊಳವೆ ಏರಿಸಿ ಹೆಪ್ಪನ್ನೇ ಎಳೆದು ತೆಗೆಯುವ ವಿಧಾನ 2015ರ ನಂತರ ನೆಲೆಯೂರಿತು. ಆಯ್ದ ಕೆಲವು ರೋಗಿಗಳಲ್ಲಿ ಅದು 24 ಗಂಟೆಯವರೆಗೂ ಉಪಯೋಗಕ್ಕೆ ಬರುತ್ತದೆ. ಆದರೆ ಯಾವುದನ್ನು ಮಾಡುವುದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ನಾಳ ಒಡೆದವರಿಗೆ ಹೆಪ್ಪು ಕರಗಿಸುವ ಮದ್ದು ಕೊಟ್ಟರೆ ಪ್ರಾಣಕ್ಕೇ ಅಪಾಯ. ಬೆಳಿಗ್ಗೆ ಏಳುವಾಗಲೇ ಕೈ ಬಿದ್ದಿದ್ದರೆ ಎಚ್ಚರವಾದ ಗಳಿಗೆಯಿಂದ ಎಣಿಸುವಂತಿಲ್ಲ. ರಾತ್ರಿ ಕೊನೆಯ ಸಲ ಸರಿಯಾಗಿದ್ದದ್ದು ಯಾವಾಗ ಎಂಬುದೇ ವೈದ್ಯರಿಗೆ ಬೇಕಾದ ಹೊತ್ತು.

ಹೊನ್ನಾವರ ತಾಲೂಕಿನ ಇಡಗುಂಜಿಯ ಮನೆಯೊಂದರ ಮಟ್ಟಿಗೆ ಈ ಗಂಟೆಗಳೆಂದರೆ ರಸ್ತೆಯ ಲೆಕ್ಕ. ಮಣಿಪಾಲಕ್ಕೆ ಹೆದ್ದಾರಿ 66ರಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು ದೂರ, ಮಂಗಳೂರು ಅದರಾಚೆ. ಹುಬ್ಬಳ್ಳಿಗೆ ಹೋಗಬೇಕೆಂದರೆ ಘಟ್ಟ ಹತ್ತಬೇಕು. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2019ರಲ್ಲೂ 2022ರಲ್ಲೂ ಜಿಲ್ಲೆಯ ಜನ ದೊಡ್ಡ ದನಿಯಲ್ಲಿ ಕೇಳಿದ್ದರ ಹಿಂದೆ ಇದ್ದದ್ದು ಇಂಥ ದಾರಿಗಳ ಅನುಭವ. ಆ ಬೇಡಿಕೆ ನ್ಯಾಯವಾದದ್ದು. ಆದರೆ ಜೀವ ಉಳಿದು ಮನೆಗೆ ಮರಳಿದ ಮೇಲಿನ ತಿಂಗಳುಗಳಿಗೆ ಏನು ಬೇಕು ಎಂಬುದು ಅಷ್ಟಾಗಿ ಚರ್ಚೆಯಾಗಿಲ್ಲ. ಪುನಶ್ಚೇತನದ ಕೆಲಸವೆಲ್ಲ ಆ ತಿಂಗಳುಗಳಲ್ಲೇ ನಡೆಯುವುದು.

ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ. ಆದರೂ ಕೈ ಮರಳಿ ಏಳುವುದಕ್ಕೆ ಎರಡು ಕಾರಣಗಳಿವೆ. ಮೊದಲ ವಾರಗಳಲ್ಲಿ ಗಾಯದ ಸುತ್ತಲಿನ ಬಾವು ಇಳಿದು, ಸಾಯದೆ ಸ್ತಬ್ಧವಾಗಿದ್ದ ಕೋಶಗಳು ಎಚ್ಚರಗೊಳ್ಳುತ್ತವೆ. ಇದು ಹೆಚ್ಚು ಕಡಿಮೆ ತಾನಾಗಿ ಆಗುವಂಥದ್ದು. ಎರಡನೆಯದು ಕಲಿಕೆ: ಉಳಿದ ಕೋಶಗಳು ಹೊಸ ಜೋಡಣೆಗಳನ್ನು ಬೆಳೆಸಿಕೊಂಡು ಕಳೆದ ಭಾಗದ ಕೆಲಸವನ್ನು ಹೊತ್ತುಕೊಳ್ಳುತ್ತವೆ. 1996ರಲ್ಲಿ ರ್‍ಯಾಂಡಾಲ್ಫ್ ನುಡೋ ಮತ್ತು ಸಂಗಡಿಗರು ಅಳಿಲು ಕೋತಿಗಳ ಮೇಲೆ ನಡೆಸಿದ ಪ್ರಯೋಗ ಇದಕ್ಕೆ ಗಟ್ಟಿ ಆಧಾರ ಕೊಟ್ಟಿತು. ಮಿದುಳಿಗೆ ಸಣ್ಣ ಗಾಯವಾದ ಮೇಲೆ ಸುಮ್ಮನೆ ಬಿಟ್ಟ ಕೋತಿಗಳಲ್ಲಿ ಗಾಯದ ಪಕ್ಕದ ಕೈಯ ನೆಲೆ ಇನ್ನಷ್ಟು ಕುಗ್ಗಿತು. ಸಣ್ಣ ಕುಳಿಗಳಿಂದ ತಿನಿಸು ಹೆಕ್ಕುವ ಅಭ್ಯಾಸ ಮಾಡಿಸಿದ ಕೋತಿಗಳಲ್ಲಿ ಅದು ಉಳಿಯಿತು, ಕೆಲವು ಕಡೆ ಹರಡಿಯೂ ಹರಡಿತು. ಬಳಸದ ಕೈಯನ್ನು ಮಿದುಳು ಮರೆಯುತ್ತದೆ.

ತಾನಾಗಿ ಆಗುವ ಚೇತರಿಕೆ ಮೊದಲ ಮೂರು ತಿಂಗಳಲ್ಲಿ ಅತಿ ವೇಗವಾಗಿರುತ್ತದೆ. ನಾಟಿ ಔಷಧಿಯ ಬಗ್ಗೆ ಯೋಚಿಸುವಾಗ ಈ ಸಂಗತಿ ಮುಖ್ಯ. ಅಂಕೋಲೆ ಬಳಿಯ ಬೆಳಂಬಾರ ಲಕ್ವದ ಔಷಧಿಗೆ ಹೆಸರಾದ ಊರು, ದೂರದೂರದಿಂದ ಜನ ಅಲ್ಲಿಗೆ ಹೋಗುತ್ತಾರೆ. ಲಕ್ವ ಹೊಡೆದ ಎರಡನೆಯ ವಾರದಲ್ಲಿ ಯಾವ ಚಿಕಿತ್ಸೆ ಶುರುಮಾಡಿದರೂ, ಅದು ಎಣ್ಣೆಯಾಗಲಿ ಆಸ್ಪತ್ರೆಯ ಮಾತ್ರೆಯಾಗಲಿ, ತಿಂಗಳೊಪ್ಪತ್ತಿನಲ್ಲಿ ಹೆಚ್ಚಿನವರಲ್ಲಿ ಒಂದಿಷ್ಟು ಗುಣ ಕಾಣುತ್ತದೆ. ಅದರಲ್ಲಿ ಚಿಕಿತ್ಸೆಯ ಪಾಲೆಷ್ಟು, ಮೈಯ ಪಾಲೆಷ್ಟು ಎಂದು ಬೇರ್ಪಡಿಸಲು ಒಂದೇ ದಾರಿ: ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಚಿಕಿತ್ಸೆ ಕೊಟ್ಟು, ಇನ್ನೊಂದಕ್ಕೆ ಕೊಡದೆ ಹೋಲಿಸುವುದು. ಇಂಗ್ಲಿಷ್ ಔಷಧಿಯೂ ಈ ಪರೀಕ್ಷೆಯಲ್ಲಿ ಸೋತಿದೆ. ಖಿನ್ನತೆಗೆ ಕೊಡುವ ಫ್ಲೂಆಕ್ಸಿಟಿನ್ ಲಕ್ವದ ಕೈಯನ್ನು ಬೇಗ ಎಬ್ಬಿಸುತ್ತದೆ ಎಂದು 2011ರಲ್ಲಿ 118 ರೋಗಿಗಳ ಅಧ್ಯಯನ ಆಸೆ ಹುಟ್ಟಿಸಿತ್ತು. ಬ್ರಿಟನ್ನಿನಲ್ಲಿ 3,127 ಜನರ ಮೇಲೆ ಪರೀಕ್ಷಿಸಿದಾಗ ಅಂಥ ಗುಣ ಕಾಣಲಿಲ್ಲ, ಮೂಳೆ ಮುರಿತ ಮಾತ್ರ ಹೆಚ್ಚಾಗಿತ್ತು. ಬೆಳಂಬಾರಕ್ಕೆ ಹೋಗುವವರು ಹೋಗಲಿ. ಮೊದಲ ಗಂಟೆಗಳಲ್ಲಿ ಆಸ್ಪತ್ರೆ ತಪ್ಪಬಾರದು, ಆಮೇಲೆ ರಕ್ತದೊತ್ತಡದ ಮಾತ್ರೆ ನಿಲ್ಲಬಾರದು.

ಪುನಶ್ಚೇತನದ ಸಂಶೋಧನೆ ಹಲವು ಸಲ ನಿರೀಕ್ಷೆಯನ್ನು ತಿರುವುಮುರುವು ಮಾಡಿದೆ. ಎಷ್ಟು ಬೇಗ ಎಬ್ಬಿಸಿ ನಡೆಸಿದರೆ ಅಷ್ಟು ಒಳ್ಳೆಯದೆಂದು ಬಹುಕಾಲ ನಂಬಿಕೆಯಿತ್ತು. 2015ರಲ್ಲಿ ಪ್ರಕಟವಾದ ಅವರ್ಟ್ ಪ್ರಯೋಗದಲ್ಲಿ 2,104 ರೋಗಿಗಳಿದ್ದರು. ಮೊದಲ 24 ಗಂಟೆಯೊಳಗೇ ಮತ್ತೆ ಮತ್ತೆ ಎಬ್ಬಿಸಿದ ಗುಂಪಿನಲ್ಲಿ ಚೆನ್ನಾಗಿ ಚೇತರಿಸಿಕೊಂಡವರು 46 ಪ್ರತಿಶತ, ಸಾಮಾನ್ಯ ಆರೈಕೆಯ ಗುಂಪಿನಲ್ಲಿ 50 ಪ್ರತಿಶತ. ಮೊದಲ ದಿನ ಸ್ವಲ್ಪ ತಾಳ್ಮೆ ಬೇಕು, ಎಬ್ಬಿಸಿದರೂ ಚಿಕ್ಕ ಚಿಕ್ಕ ಅವಧಿಗೆ ಎಂದು ಅದರಿಂದ ತಿಳಿಯಿತು. ಭಾರತದ್ದೇ ಆದ ಅಟೆಂಡ್ ಪ್ರಯೋಗ ಇನ್ನೂ ಹತ್ತಿರದ ಪಾಠ. 14 ಆಸ್ಪತ್ರೆಗಳ 1,250 ರೋಗಿಗಳಲ್ಲಿ ಅರ್ಧದಷ್ಟು ಜನರ ಮನೆಯವರಿಗೆ ವ್ಯಾಯಾಮ ಮಾಡಿಸುವುದನ್ನು ಕಲಿಸಿ ಕಳಿಸಲಾಯಿತು. ಆರು ತಿಂಗಳ ನಂತರ ನೋಡಿದರೆ ಎರಡೂ ಗುಂಪುಗಳಲ್ಲಿ 47 ಪ್ರತಿಶತ ಜನ ತೀರಿಕೊಂಡಿದ್ದರು ಅಥವಾ ಇನ್ನೊಬ್ಬರನ್ನು ಅವಲಂಬಿಸಿದ್ದರು. 2017ರಲ್ಲಿ ಬಂದ ಈ ಫಲಿತಾಂಶದಿಂದ ಮನೆಯವರ ಪ್ರೀತಿ ವ್ಯರ್ಥವೆಂದು ತೀರ್ಮಾನಿಸಬೇಕಿಲ್ಲ. ನುರಿತ ಫಿಸಿಯೋಥೆರಪಿಸ್ಟ್ ಮಾಡುವ ಕೆಲಸವನ್ನು ಅಲ್ಪ ತರಬೇತಿ ಕೊಟ್ಟು ಕುಟುಂಬದ ಹೆಗಲಿಗೆ ದಾಟಿಸಲಾಗದು, ಅಷ್ಟೆ. ಊರಿನ ಹತ್ತಿರ ತಜ್ಞರು ಬೇಕೇ ಬೇಕು.

ಫಲ ಕೊಟ್ಟ ವಿಧಾನಗಳಲ್ಲಿ ಸರಳವಾದದ್ದು ಗಟ್ಟಿ ಕೈಯನ್ನು ಕಟ್ಟಿಹಾಕುವುದು. ಎಡ್ವರ್ಡ್ ಟಾಬ್ ಎಂಬ ಮನೋವಿಜ್ಞಾನಿ ರೂಪಿಸಿದ ಈ ಕ್ರಮವನ್ನು ಎಕ್ಸೈಟ್ ಎಂಬ ಪ್ರಯೋಗ 222 ಜನರಲ್ಲಿ ಪರೀಕ್ಷಿಸಿ 2006ರಲ್ಲಿ ವರದಿ ಮಾಡಿತು. ಎರಡು ವಾರ, ಎಚ್ಚರವಿದ್ದ ಹೊತ್ತಿನ ಬಹುಪಾಲು ಸರಿಯಿರುವ ಕೈಗೆ ದಪ್ಪ ಗವಸು. ಉಣ್ಣುವುದು, ಬಾಗಿಲು ತೆರೆಯುವುದು, ಬಟ್ಟೆ ಮಡಿಸುವುದು ಎಲ್ಲ ಸೋತ ಕೈಯಲ್ಲೇ. ಬಂದ ಗುಣ ಒಂದು ವರ್ಷದ ನಂತರವೂ ಉಳಿದಿತ್ತು. ಮಣಿಕಟ್ಟು, ಬೆರಳು ಸ್ವಲ್ಪವಾದರೂ ಅಲುಗಾಡುವವರಿಗೆ ಮಾತ್ರ ಇದು ಹೊಂದುತ್ತದೆ. ಅಷ್ಟೂ ಅಲುಗದವರಿಗೆ ಕನ್ನಡಿ ಚಿಕಿತ್ಸೆಯಿದೆ. ಭಾರತ ಮೂಲದ ವಿ.ಎಸ್. ರಾಮಚಂದ್ರನ್ ಕೈ ಕಳೆದುಕೊಂಡವರ ನೋವಿಗೆಂದು ಹೂಡಿದ ಉಪಾಯವಿದು: ಗಟ್ಟಿ ಕೈಯ ಚಲನೆಯನ್ನು ಕನ್ನಡಿಯಲ್ಲಿ ನೋಡುವಾಗ ಸೋತ ಕೈಯೇ ಆಡುತ್ತಿರುವಂತೆ ಮಿದುಳಿಗೆ ಕಾಣುತ್ತದೆ. ಲಕ್ವದ ರೋಗಿಗಳಲ್ಲಿ ಇದನ್ನು ಮೊದಲು ಪರೀಕ್ಷಿಸಿದ್ದು 1999ರಲ್ಲಿ. ಈ ಕರಾವಳಿಯಲ್ಲೂ, ಮಣಿಪಾಲದ ಆರೋಗ್ಯ ವೃತ್ತಿಗಳ ಕಾಲೇಜಿನಲ್ಲಿ, ಪಾರ್ಶ್ವವಾಯು ಪುನಶ್ಚೇತನದ ಸಂಶೋಧನೆಗೆಂದೇ ಕೇಂದ್ರವೊಂದಿದೆ.

ಯಾವ ವಿಧಾನವಾದರೂ ಎಣಿಕೆ ಮುಖ್ಯ. ಚಿಕಿತ್ಸೆಯ ಕೋಣೆಯಲ್ಲಿ ಕುಳಿತು ಎಣಿಸಿದ ಅಮೆರಿಕದ ಸಂಶೋಧಕರಿಗೆ 2009ರಲ್ಲಿ ತಿಳಿದದ್ದು, ಒಂದು ಸಲದ ಚಿಕಿತ್ಸೆಯಲ್ಲಿ ರೋಗಿ ಕೈಯಿಂದ ಮಾಡುವ ನಿಜವಾದ ಕೆಲಸ ಸರಾಸರಿ 32 ಬಾರಿ ಮಾತ್ರ. ಪ್ರಾಣಿಗಳ ಪ್ರಯೋಗದಲ್ಲಿ ಮಿದುಳು ಬದಲಾಗಲು ದಿನಕ್ಕೆ ನೂರಾರು ಬಾರಿ ಬೇಕಾಗಿತ್ತು. ನೂರಾರು ಬಾರಿ ರಬ್ಬರ್ ಚೆಂಡು ಹಿಸುಕುವುದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ. ಕೈಗೆ ಗೊತ್ತಿರುವ ಕಸುಬು ಇಲ್ಲಿ ನೆರವಿಗೆ ಬರುತ್ತದೆ. ಸುಲಿದ ಅಡಿಕೆಯನ್ನು ಆರಿಸಿ ಒಳ್ಳೆಯ ಚಾಲಿ ಒಂದು ಬುಟ್ಟಿಗೆ, ಕೆಟ್ಟ ಕೋಕಾ ಇನ್ನೊಂದಕ್ಕೆ ಹಾಕುವಾಗ ಹೆಬ್ಬೆರಳು, ತೋರುಬೆರಳು ಕೂಡಿ ಹಿಡಿಯುವ ಚಲನೆ ಗಂಟೆಗೆ ನೂರಾರು ಸಲ ನಡೆಯುತ್ತದೆ, ಕಣ್ಣಿಗೂ ಗಮನಕ್ಕೂ ಕೆಲಸ ಸಿಗುತ್ತದೆ. ತೆಂಗಿನ ನಾರಿನ ಹಗ್ಗ ಹೊಸೆಯಲು ಎರಡೂ ಅಂಗೈ ಕೂಡಲೇಬೇಕು. ಭಟ್ಕಳದ ಮಲ್ಲಿಗೆ ಕಟ್ಟುವ ಬೆರಳು, ಬಲೆಯ ಕಣ್ಣು ಸೇರಿಸುವ ಬೆರಳು ಇವೆಲ್ಲ ಮಿದುಳಿನಲ್ಲಿ ಹಳೆಯ ದಾರಿ ಸವೆಸಿದವು. ಗುರಿಯಿರುವ ನಿಜವಾದ ಕೆಲಸದ ಅಭ್ಯಾಸವೇ ಹೆಚ್ಚು ಫಲಕಾರಿ ಎಂಬುದು ಪುನಶ್ಚೇತನ ವಿಜ್ಞಾನದಲ್ಲಿ ಈಗ ಒಪ್ಪಿತವಾದ ಮಾತು. ಸ್ಪರ್ಶ ತಿಳಿಯದ ಕೈಗೆ ಮೆಟ್ಟುಗತ್ತಿ ಮಾತ್ರ ಕೂಡದು, ಒಲೆಯೂ ಅಷ್ಟೆ.

ಮಾತು ಕಳೆದುಕೊಂಡವರ ಕಥೆ ಈ ಕರಾವಳಿಯಲ್ಲಿ ಬೇರೆ. ಮನೆಯಲ್ಲಿ ಕೊಂಕಣಿ ಅಥವಾ ನವಾಯತಿ, ಪೇಟೆಯಲ್ಲಿ ಕನ್ನಡ, ಜೊತೆಗೆ ಉರ್ದುವೋ ಹಿಂದಿಯೋ ಆಡುವವರು ಇಲ್ಲಿ ಬಹಳ. ಅಂಥವರಲ್ಲಿ ಒಂದು ಭಾಷೆ ಮೊದಲು ಮರಳಿ ಇನ್ನೊಂದು ಹಿಂದುಳಿಯಬಹುದು, ಆದ್ದರಿಂದ ಎಲ್ಲ ಭಾಷೆಗಳಲ್ಲೂ ಪರೀಕ್ಷಿಸಬೇಕು. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಪರೀಕ್ಷೆಗಳನ್ನು ಕನ್ನಡಕ್ಕೆ ಹೊಂದಿಸಿದೆ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 608 ಲಕ್ವ ರೋಗಿಗಳನ್ನು ನೋಡಿ 2016ರಲ್ಲಿ ವರದಿ ಮಾಡಿದರು: ನೆನಪು, ಗಮನ, ಯೋಚನೆಯ ಶಕ್ತಿ ಕುಂದದೆ ಉಳಿದವರು ಎರಡು ಭಾಷೆ ಆಡುವವರಲ್ಲಿ 40.5 ಪ್ರತಿಶತ, ಒಂದೇ ಭಾಷೆಯವರಲ್ಲಿ 19.6 ಪ್ರತಿಶತ. ಮಾತು ಹೋಗುವ ಸಂಭವದಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ.

ದುಡಿಮೆಯಿಂದ ಬರುವ ಮೈ ತೊಂದರೆ ಇನ್ನೊಂದು ಬಗೆಯದು, ಅದು ಹೆಚ್ಚಾಗಿ ವರ್ಷಗಟ್ಟಲೆ ಕೂಡುತ್ತ ಬರುತ್ತದೆ. ಒಮ್ಮೆಗೇ ಬರುವುದೆಂದರೆ ಮರದಿಂದ ಬೀಳುವುದು. ಕೊನೆ ಕೊಯ್ಯುವ ಕೊನೆಗೌಡ ಅಡಿಕೆ ಮರ ಹತ್ತಿ, ಅದನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಾನೆ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕಾದ್ದು ಮಳೆಗಾಲದಲ್ಲಿ, ಮರ ಪಾಚಿ ಕಟ್ಟಿ ಜಾರುವಾಗಲೇ. ಬಿದ್ದವನನ್ನು ಕೈಕಾಲು ಹಿಡಿದೆತ್ತಿ ಜೀಪಿನ ಸೀಟಿನಲ್ಲಿ ಮಡಚಿ ಕೂರಿಸಿದರೆ ಅರ್ಧ ಮುರಿದ ಬೆನ್ನುಮೂಳೆ ಬೆನ್ನುಹುರಿಯನ್ನು ಪೂರ್ತಿ ಜಜ್ಜಬಹುದು. ಹಲಗೆಯ ಮೇಲೆ ತಲೆ, ಕತ್ತು, ಸೊಂಟ ಒಂದೇ ನೇರಕ್ಕೆ ಮಲಗಿಸಿ ಒಯ್ಯಬೇಕು. ಬೆನ್ನುಹುರಿ ಕಡಿದವರಿಗೆ ಮಿದುಳಿನಂತೆ ಹೊಸ ದಾರಿ ಹುಡುಕಲು ಅವಕಾಶ ಕಡಿಮೆ. ಮಲಗಿದಲ್ಲಿ ಹುಣ್ಣಾಗದಂತೆ, ಮೂತ್ರಕ್ಕೆ ಸೋಂಕು ತಗಲದಂತೆ ಕಾಯುವುದು, ಗಾಲಿಕುರ್ಚಿಯಲ್ಲಿ ದುಡಿಯಲು ಕಲಿಯುವುದು ಅವರ ಪುನಶ್ಚೇತನ. ಬೆಳ್ತಂಗಡಿ ತಾಲೂಕಿನ ಸೌತಡ್ಕದ ಸೇವಾಧಾಮ ಇಂಥವರಿಗಾಗಿಯೇ ಇದೆ. ಈಚೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಯಿಂದ ನೆಲದಲ್ಲೇ ನಿಂತು ಕೊನೆ ಕೊಯ್ಯಬಹುದು. ಕತ್ತು ದಿನವಿಡೀ ಮೇಲೆತ್ತಿರಬೇಕಾದ್ದು ಅದರ ಬೆಲೆ. ಹಾಗಿದ್ದರೂ ಬೀಳುವ ಅಪಾಯದ ಮುಂದೆ ಕತ್ತು ನೋವು ಸಣ್ಣದು.

ನಿಧಾನದ ತೊಂದರೆಗಳು ಕಸುಬಿಗೊಂದು. ಅಘನಾಶಿನಿಯ ಅಳಿವೆಯಲ್ಲಿ ಚಿಪ್ಪಿಕಲ್ಲು ಹೆಕ್ಕುವವರು ನೀರಲ್ಲಿ ಬಗ್ಗಿಯೇ ಇರುತ್ತಾರೆ. ಬೋಟಿನಲ್ಲಿ ಬಲೆ ಎಳೆಯುವವರ ಹೆಗಲು, ಅಲುಗುವ ಹಲಗೆಯ ಮೇಲೆ ಸಮತೋಲ ಹಿಡಿಯುವ ಸೊಂಟ ಬೇಗ ಸವೆಯುತ್ತವೆ. ಇಡಗುಂಜಿ ಮಹಾಗಣಪತಿಯ ಹೆಸರಲ್ಲಿ 1934ರಲ್ಲಿ ಶುರುವಾದ ಕೆರೆಮನೆ ಮೇಳದ ಈ ನಾಡಿನಲ್ಲಿ ಯಕ್ಷಗಾನದ ಮಂಡಿ ಕುಣಿತವನ್ನೂ ದುಡಿಮೆಯೆಂದೇ ಎಣಿಸಬೇಕು. ರಂಗದ ಹಲಗೆಗೆ ಮಂಡಿಯೂರಿ ಗಿರಗಿರನೆ ತಿರುಗುವಾಗ ಮಂಡಿಚಿಪ್ಪಿನ ಮುಂದಿರುವ ದ್ರವದ ಚೀಲ ಉಜ್ಜಿಕೊಂಡು ಬಾತುಕೊಳ್ಳುತ್ತದೆ. ವೇಷದ ತೂಕ, ಬಿಗಿಕಟ್ಟು, ನಿದ್ದೆಗೆಟ್ಟ ರಾತ್ರಿಗಳು ಅದಕ್ಕೆ ಕೂಡಿಕೊಳ್ಳುತ್ತವೆ. ಮೂಟೆ ಹೊರುವವರ ಲೆಕ್ಕವಂತೂ ಸ್ಪಷ್ಟವಾಗಿದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಎಲ್ಲ ಅನುಕೂಲವಿದ್ದಾಗಲೂ ಕೈಯಿಂದೆತ್ತುವ ಭಾರದ ಮೇಲ್ಮಿತಿ 23 ಕಿಲೋ. ಅಕ್ಕಿಯ ಒಂದು ಚೀಲವೇ 50 ಕಿಲೋ.

ಸೊಂಟ ಹಿಡಿದವರಿಗೆ ಮಲಗಿ ಎಂಬುದು ಹಳೆಯ ಸಲಹೆ. 1995ರಲ್ಲಿ ಹೆಲ್ಸಿಂಕಿ ನಗರದ 186 ನೌಕರರನ್ನು ಮೂರು ಗುಂಪು ಮಾಡಿ ನೋಡಿದಾಗ, ಮಲಗಿದವರಿಗಿಂತಲೂ ಬೆನ್ನಿನ ವ್ಯಾಯಾಮ ಮಾಡಿದವರಿಗಿಂತಲೂ ನೋವು ತಾಳುವಷ್ಟರ ಮಟ್ಟಿಗೆ ಎಂದಿನ ಓಡಾಟ ಮುಂದುವರಿಸಿದವರು ಬೇಗ ಸುಧಾರಿಸಿದರು. ಕಾಲು ಜೋಮುಗಟ್ಟಿ ಬಲ ಕಳೆದುಕೊಂಡರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಬೇಕು. ಓಡಾಡಿ ಎಂದರೆ ಅದೇ ಮೂಟೆಯನ್ನು ಮತ್ತೆ ಹೊರಿ ಎಂದಲ್ಲ. ಚೀಲ ಚಿಕ್ಕದಾಗಬೇಕು, ಕೆಲಸದ ಎತ್ತರ ಮೊಣಕಾಲಿನಿಂದ ಸೊಂಟಕ್ಕೆ ಏರಬೇಕು, ನಡುವೆ ಬಿಡುವು ಬೇಕು.

ದುಡಿಮೆಗೂ ಲಕ್ವಕ್ಕೂ ನೇರ ನಂಟೂ ಇದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ, 35ರಿಂದ 40 ಗಂಟೆ ದುಡಿಯುವವರಿಗಿಂತ 35 ಪ್ರತಿಶತ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜೊತೆಯಾಗಿ ಪ್ರಕಟಿಸಿದವು. ಲಕ್ವದ ಅತಿ ದೊಡ್ಡ ಕಾರಣ ರಕ್ತದೊತ್ತಡ; ಅದಕ್ಕೆ ನೋವಿಲ್ಲ, ಅಳೆಯದೆ ತಿಳಿಯುವುದಿಲ್ಲ. ಒಣಮೀನು, ಉಪ್ಪಿನಕಾಯಿಯ ಊಟದ ಈ ಕರಾವಳಿಯಲ್ಲಿ ಉಪ್ಪಿನ ಮೇಲೂ ಕಣ್ಣಿರಬೇಕು.

ಲಕ್ವ ಹೊಡೆದವರ ಮನೆಯಲ್ಲಿ ಎರಡು ತೊಂದರೆಗಳೂ ಒಟ್ಟಿಗೆ ಸೇರುತ್ತವೆ. ಹಾಸಿಗೆಯಿಂದ ಎಬ್ಬಿಸಲು ಹೆಂಡತಿಯೋ ಸೊಸೆಯೋ ರೋಗಿಯ ಸೋತ ಕೈಯನ್ನೇ ಹಿಡಿದೆಳೆಯುತ್ತಾಳೆ. ಸ್ನಾಯು ಸಡಿಲಾದ ಹೆಗಲ ಕೀಲು ಕೆಳಗೆ ಜಾರಿ, ಅಲ್ಲಿ ಶುರುವಾದ ನೋವು ಕೈಯ ಅಭ್ಯಾಸವನ್ನೇ ನಿಲ್ಲಿಸಿಬಿಡುತ್ತದೆ. ದಿನಕ್ಕೆ ಹತ್ತು ಸಲ ಬಗ್ಗಿ ಎತ್ತಿದ ಅವಳ ಬೆನ್ನೂ ಕೆಲವೇ ತಿಂಗಳಲ್ಲಿ ಹಿಡಿಯುತ್ತದೆ. ಎತ್ತುವ ಸರಿಯಾದ ಕ್ರಮ ಹೀಗೆ: ರೋಗಿಯ ಮೊಣಕಾಲು ಮಡಚಿ, ಗಟ್ಟಿ ಮಗ್ಗುಲಿಗೆ ಹೊರಳಿಸಿ, ಕಾಲುಗಳನ್ನು ಮಂಚದಿಂದ ಕೆಳಗಿಳಿಸಿ, ಹೆಗಲ ಹಿಂದೆ ಕೈಕೊಟ್ಟು ಕೂರಿಸಬೇಕು. ನಿಲ್ಲಿಸುವಾಗ ರೋಗಿಯ ಸೊಂಟಕ್ಕೆ ಅಗಲದ ಬಟ್ಟೆ ಬಿಗಿದು, ಅದನ್ನು ಹಿಡಿದು, ಎತ್ತುವವರು ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ರೋಗಿಯ ಸೋತ ಮೊಣಕಾಲಿಗೆ ತಮ್ಮ ಮೊಣಕಾಲನ್ನು ಆನಿಸಬೇಕು. ಕುಳಿತಾಗ ಸೋತ ಕೈ ಜೋತಾಡದಂತೆ ತೊಡೆಯ ಮೇಲೆ ದಿಂಬಿಟ್ಟು ಅದರ ಮೇಲೆ ಇರಿಸಬೇಕು. ಮಂಚ ಮೊಣಕಾಲಿನಷ್ಟಾದರೂ ಎತ್ತರವಿದ್ದರೆ ಇಬ್ಬರಿಗೂ ಹಗುರ. ನೆಲದ ಮೇಲಿನ ಚಾಪೆಯಿಂದ ಒಬ್ಬರೇ ಎಬ್ಬಿಸಲು ಹೋಗಬಾರದು.