ಗುಂಪಿನ ವಾದ್ಯ, ಒಬ್ಬೊಬ್ಬರ ಪರೀಕ್ಷೆ

ಅರವತ್ತು ಮಕ್ಕಳು ಒಟ್ಟಿಗೆ ಊದುವಾಗ ಒಂದು ಕ್ಲಾರಿನೆಟ್ ತಪ್ಪಿದರೆ ಸಭಿಕರಿಗೆ ಗೊತ್ತಾಗುವುದೇ ಇಲ್ಲ. ಪಕ್ಕದವರ ಬೆರಳು ನೋಡಿಕೊಂಡು, ಕಷ್ಟದ ಜಾಗ ಬಂದಾಗ ಉಸಿರು ತಗ್ಗಿಸಿ, ಸುಲಭದ ಜಾಗದಲ್ಲಿ ಮತ್ತೆ ಸೇರಿಕೊಂಡು ಒಂದು ವರ್ಷವನ್ನೇ ಕಳೆದುಬಿಡಬಹುದು. ಅಮೆರಿಕದ ಶಾಲೆಗಳಲ್ಲಿ ಬ್ಯಾಂಡ್ ಕಲಿಸುವವರಿಗೆ ಈ ಸಂಗತಿ ಚೆನ್ನಾಗಿ ಗೊತ್ತು. ಅದಕ್ಕೇ ಅವರು ಆಗಾಗ ‘ಪ್ಲೇಯಿಂಗ್ ಟೆಸ್ಟ್’ ಇಡುತ್ತಾರೆ. ಪುಸ್ತಕದ ಒಂದೆರಡು ಸಾಲು ಅಥವಾ ಒಂದು ಸ್ಕೇಲ್ (ಸ್ವರಗಳ ಏರಿಳಿತದ ಸಾಲು) ಕೊಟ್ಟು, ಪ್ರತಿ ವಿದ್ಯಾರ್ಥಿಯೂ ಅದನ್ನು ಒಬ್ಬರೇ ನುಡಿಸಬೇಕು ಎನ್ನುತ್ತಾರೆ. ಉಳಿದವರೆಲ್ಲ ಸುಮ್ಮನೆ ಕೂತು ಕೇಳುತ್ತಾರೆ. ನುಡಿಸುವುದು ಒಂದು ನಿಮಿಷವಿರಬಹುದು. ಅದರ ಹಿಂದಿನ ತಯಾರಿ ವಾರಗಟ್ಟಲೆ.

ಅಲ್ಲಿ ಬ್ಯಾಂಡ್ ಗಣಿತ, ವಿಜ್ಞಾನಗಳ ಜೊತೆಗೇ ವೇಳಾಪಟ್ಟಿಯಲ್ಲಿ ಜಾಗ ಪಡೆದಿರುವ ವಿಷಯ. ಟೆಕ್ಸಾಸ್ ರಾಜ್ಯದಲ್ಲಿ ಸಾಮಾನ್ಯವಾಗಿ ಆರನೇ ತರಗತಿಯಲ್ಲಿ ಕೈಗೆ ವಾದ್ಯ ಬರುತ್ತದೆ. ಕೊಳಲು, ಕ್ಲಾರಿನೆಟ್, ಸ್ಯಾಕ್ಸೋಫೋನ್, ಟ್ರಂಪೆಟ್, ಫ್ರೆಂಚ್ ಹಾರ್ನ್, ಟ್ರಾಂಬೋನ್, ಯುಫೋನಿಯಂ, ಟ್ಯೂಬಾ, ತಾಳವಾದ್ಯಗಳು – ಇವುಗಳಲ್ಲಿ ಒಂದನ್ನು ಹಿಡಿದ ಮಗು ಹೈಸ್ಕೂಲು ಮುಗಿಸುವವರೆಗೆ ಏಳು ವರ್ಷ ಅದರೊಂದಿಗೆ ಬೆಳೆಯಬಹುದು. ವಿಷಯ ಎಂದ ಮೇಲೆ ಅಂಕವೂ ಉಂಟು. ಆ ಅಂಕದ ಒಂದು ಭಾಗ ಬರುವುದು ಈ ಒಂಟಿ ಪರೀಕ್ಷೆಯಿಂದ.

ಶಾಲಾ ಬ್ಯಾಂಡಿನ ಈ ಪದ್ಧತಿಗೆ ನೂರು ವರ್ಷ ಮೀರಿದ ಇತಿಹಾಸವಿದೆ. ಮೊದಲ ಮಹಾಯುದ್ಧ ಮುಗಿದು ಸೇನಾ ಬ್ಯಾಂಡುಗಳ ಬೇಡಿಕೆ ಇಳಿದಾಗ ವಾದ್ಯ ತಯಾರಕರ ಕಣ್ಣು ಶಾಲೆಗಳ ಮೇಲೆ ಬಿತ್ತು. ಅವರದೇ ಪ್ರೋತ್ಸಾಹದಿಂದ 1923ರಲ್ಲಿ ಷಿಕಾಗೋದಲ್ಲಿ ಮೊದಲ ರಾಷ್ಟ್ರಮಟ್ಟದ ಶಾಲಾ ಬ್ಯಾಂಡ್ ಸ್ಪರ್ಧೆ ನಡೆಯಿತು. ಒಹಾಯೊ ರಾಜ್ಯದ ಫಾಸ್ಟೋರಿಯಾ ಎಂಬ ಸಣ್ಣ ಊರಿನ ತಂಡ ಅದನ್ನು ಗೆದ್ದಿತು. ಆಮೇಲೆ ಇಲಿನಾಯ್‌ನ ಜೋಲಿಯೆಟ್ ಶಾಲೆ 1926ರಿಂದ ಸತತ ಮೂರು ವರ್ಷ ಗೆದ್ದು ದೇಶದ ಗಮನ ಸೆಳೆಯಿತು. ಟೆಕ್ಸಾಸಿನಲ್ಲಿ ಬ್ಯಾಂಡ್ ಶಿಕ್ಷಕರು 1920ರಲ್ಲೇ ಒಂದು ಸಂಘ ಕಟ್ಟಿಕೊಂಡಿದ್ದರು. ಅದೇ ಮುಂದೆ ಟೆಕ್ಸಾಸ್ ಸಂಗೀತ ಶಿಕ್ಷಕರ ಸಂಘವಾಗಿ ಬೆಳೆದು, ಇಂದು ದೇಶದ ಅತಿ ಕಟ್ಟುನಿಟ್ಟಿನ ಶಾಲಾ ಸಂಗೀತ ಪರೀಕ್ಷೆಗಳಲ್ಲಿ ಒಂದನ್ನು ನಡೆಸುತ್ತಿದೆ.

ತರಗತಿಯ ಪರೀಕ್ಷೆಯ ಫಲ ಅನೇಕ ಶಾಲೆಗಳಲ್ಲಿ ಕುರ್ಚಿಯ ಮೇಲೆ ಕಾಣುತ್ತದೆ. ಪ್ರತಿ ವಾದ್ಯದ ಗುಂಪಿನಲ್ಲೂ ಚೆನ್ನಾಗಿ ನುಡಿಸಿದವರಿಗೆ ಮೊದಲ ಕುರ್ಚಿ, ನಂತರದವರಿಗೆ ಎರಡನೆಯದು, ಹೀಗೆ ಸಾಲು. ‘ಫಸ್ಟ್ ಚೇರ್’ ಸಿಕ್ಕವರಿಗೆ ಕೃತಿಯಲ್ಲಿ ಒಂಟಿ ನುಡಿಸಾಣಿಕೆ ಬಂದರೆ ಅದು ಅವರ ಪಾಲು. ಗುಂಪಿನ ಶ್ರುತಿಯ ಹೊಣೆಯೂ ಅವರದೇ.

ಪರೀಕ್ಷೆಯಲ್ಲಿ ಕೇಳುವುದು ಮುಖ್ಯವಾಗಿ ಮೂರು. ಒಂದು, ಸ್ಕೇಲುಗಳು. ಎರಡು, ತಯಾರಿ ಮಾಡಿಕೊಂಡು ಬಂದ ಅಭ್ಯಾಸ ಕೃತಿ, ಅಂದರೆ ಎಟ್ಯೂಡ್. ಮೂರು, ಹಿಂದೆಂದೂ ನೋಡಿರದ ಸ್ವರಲಿಪಿಯನ್ನು ನಿಂತ ನಿಲುವಿನಲ್ಲೇ ಓದಿ ನುಡಿಸುವ ಸೈಟ್ ರೀಡಿಂಗ್.

ಸ್ಕೇಲಿನಲ್ಲೇ ಹೊಸಬರಿಗೆ ಒಂದು ತೊಡಕು ಎದುರಾಗುತ್ತದೆ. ಮೇಷ್ಟ್ರು ‘ಬಿ ಫ್ಲ್ಯಾಟ್ ಸ್ಕೇಲ್’ ಎಂದಾಗ ಕೊಳಲಿನವರು ಬಿ ಫ್ಲ್ಯಾಟ್‌ನಿಂದಲೇ ಹೊರಡುತ್ತಾರೆ. ಕ್ಲಾರಿನೆಟ್, ಟ್ರಂಪೆಟ್ ಹಿಡಿದವರು ತಮ್ಮ ಪುಸ್ತಕದ ಸಿ ಸ್ವರದಿಂದ, ಆಲ್ಟೊ ಸ್ಯಾಕ್ಸೋಫೋನಿನವರು ಜಿ ಸ್ವರದಿಂದ, ಫ್ರೆಂಚ್ ಹಾರ್ನಿನವರು ಎಫ್ ಸ್ವರದಿಂದ ಆರಂಭಿಸುತ್ತಾರೆ. ಕಿವಿಗೆ ಬೀಳುವುದು ಮಾತ್ರ ಎಲ್ಲರಿಂದಲೂ ಒಂದೇ ಸ್ವರ. ವಾದ್ಯದ ಉದ್ದ, ರಚನೆಗೆ ತಕ್ಕಂತೆ ಸ್ವರಲಿಪಿ ಬರೆಯುವ ರೂಢಿಯಿಂದ ಬಂದ ವ್ಯತ್ಯಾಸ ಇದು. ಯಾರ ಶ್ರುತಿ ಎಲ್ಲಿದ್ದರೂ ಷಡ್ಜವನ್ನು ‘ಸ’ ಎಂದೇ ಹಾಡುವ ಕರ್ನಾಟಕ ಸಂಗೀತದ ಮಕ್ಕಳಿಗೆ ಈ ಲೆಕ್ಕ ಬೇಗ ಹಿಡಿಸಬಹುದು.

ಎಟ್ಯೂಡುಗಳ ಹಿಂದೆ ಯೂರೋಪಿನ ದೀರ್ಘ ಪರಂಪರೆಯೇ ಇದೆ. ಟ್ರಂಪೆಟ್ ಕಲಿಯುವವರ ಮೇಜಿನ ಮೇಲೆ ಇಂದಿಗೂ ಕಾಣುವ ಆರ್ಬನ್ ಎಂಬ ಫ್ರೆಂಚ್ ವಾದಕರ ಪಾಠಪುಸ್ತಕ ಪ್ಯಾರಿಸ್ಸಿನಲ್ಲಿ 1864ರಲ್ಲಿ ಪ್ರಕಟವಾಯಿತು. ಟೆಕ್ಸಾಸಿನ ಕ್ಲಾರಿನೆಟ್ ವಿದ್ಯಾರ್ಥಿಗಳು ಬಹುಕಾಲದಿಂದ ನುಡಿಸುತ್ತ ಬಂದಿರುವ 32 ಎಟ್ಯೂಡುಗಳ ಸಂಗ್ರಹ ಸಿರಿಲ್ ರೋಸ್ ಎಂಬ ಫ್ರೆಂಚ್ ಗುರುವಿನದು. ಅವರು ಅವನ್ನು ಫರ್ಲಿಂಗ್ ಎಂಬ ಜರ್ಮನ್ ವಾದಕ ಓಬೋ ವಾದ್ಯಕ್ಕೆ ಬರೆದ ಅಭ್ಯಾಸಗಳಿಂದ ರೂಪಿಸಿಕೊಂಡರು. ಹೀಗೆ ಹತ್ತೊಂಬತ್ತನೇ ಶತಮಾನದ ಗುರುಗಳ ಕೈಬರಹ ಇಂದಿನ ಹೈಸ್ಕೂಲು ಮಕ್ಕಳ ಬೆರಳುಗಳನ್ನು ತಿದ್ದುತ್ತಿದೆ.

ತಯಾರಿ ಹೇಗೆ ನಡೆಯುತ್ತದೆ? ಅನುಭವಿ ಶಿಕ್ಷಕರು ಮೊದಲು ಮಗುವಿನ ಕೈಗೆ ಪೆನ್ಸಿಲ್ ಕೊಡುತ್ತಾರೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಸ್ವರ ಏರಿಸುವ ಶಾರ್ಪ್ ಗುರುತು ಎಲ್ಲಿ ಮರೆತುಹೋಗುತ್ತಿದೆ, ಯಾವ ಬೆರಳು ಬಳಸಬೇಕು ಎಂಬುದನ್ನು ಹಾಳೆಯ ಮೇಲೇ ಗುರುತು ಮಾಡಿಸುತ್ತಾರೆ. ನಂತರ ಕೃತಿಯನ್ನು ತುಂಡು ಮಾಡುವ ಕೆಲಸ. ಎರಡು ಪುಟವನ್ನು ಮೊದಲಿನಿಂದ ಕೊನೆಯವರೆಗೆ ಹತ್ತು ಸಲ ಊದಿದರೆ ಬರುವ ಭಾಗ ಇನ್ನಷ್ಟು ಚೆನ್ನಾಗಿ ಬರುತ್ತದೆ, ಬಾರದ ಭಾಗ ಹಾಗೆಯೇ ಉಳಿಯುತ್ತದೆ. ಬದಲಿಗೆ ಕಷ್ಟದ ನಾಲ್ಕು ಸ್ವರಗಳನ್ನಷ್ಟೇ ತೆಗೆದು, ಲಯ ಎಣಿಸುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ತಪ್ಪಿಲ್ಲದೆ ಬಂದ ಮೇಲೆ 64, ಆಮೇಲೆ 68 ಎಂದು ಏರಿಸುತ್ತಾರೆ. ತಪ್ಪಿದರೆ ಮತ್ತೆ ಒಂದು ಮೆಟ್ಟಿಲು ಕೆಳಕ್ಕೆ. ಸರಳೆ ವರಿಸೆಯನ್ನು ಮೂರು ಕಾಲಗಳಲ್ಲಿ ಹಾಡಿಸುವ ನಮ್ಮ ಪಾಠಕ್ರಮ ಬಲ್ಲವರಿಗೆ ಇದರ ತರ್ಕ ಹೊಸದೇನಲ್ಲ. ನಿಧಾನದಲ್ಲಿ ಕೂತ ಬೆರಳು ವೇಗದಲ್ಲಿಯೂ ಅಲ್ಲೇ ಕೂರುತ್ತದೆ; ವೇಗದಲ್ಲಿ ಕಲಿತ ತಪ್ಪೂ ಅಷ್ಟೇ ಗಟ್ಟಿಯಾಗಿ ಕೂರುತ್ತದೆ.

ವಾದ್ಯಕ್ಕೊಂದು ಕಷ್ಟ. ಕ್ಲಾರಿನೆಟ್, ಸ್ಯಾಕ್ಸೋಫೋನುಗಳ ನಾದ ಹುಟ್ಟುವುದು ಒಂದು ಜಾತಿಯ ಜೊಂಡಿನಿಂದ ಕೆತ್ತಿದ ತೆಳು ಪಟ್ಟಿಯಿಂದ. ಈ ರೀಡ್ ಹವೆಗೆ ತಕ್ಕಂತೆ ಸೊಟ್ಟಗಾಗುತ್ತದೆ, ತುದಿ ಬಿರಿಯುತ್ತದೆ. ಹಾಗಾಗಿ ಜಾಣ ವಿದ್ಯಾರ್ಥಿ ಮೂರು ನಾಲ್ಕು ರೀಡುಗಳನ್ನು ಸರದಿಯ ಮೇಲೆ ಬಳಸಿ, ಒಳ್ಳೆಯದೊಂದನ್ನು ಪರೀಕ್ಷೆಯ ದಿನಕ್ಕೆ ಕಾಪಾಡಿಕೊಳ್ಳುತ್ತಾನೆ. ಟ್ರಂಪೆಟ್‌ನಲ್ಲಿ ನಾದ ಬರುವುದು ತುಟಿಯ ಕಂಪನದಿಂದ. ಪರೀಕ್ಷೆಯ ಹಿಂದಿನ ರಾತ್ರಿ ಮೂರು ಗಂಟೆ ಊದಿದರೆ ಮರುದಿನ ಮೇಲಿನ ಸ್ವರಗಳಿಗೆ ತುಟಿ ಏಳುವುದೇ ಇಲ್ಲ. ಊದಿದಷ್ಟೇ ಹೊತ್ತು ವಿಶ್ರಾಂತಿ ಕೊಡಬೇಕೆಂಬುದು ಅಲ್ಲಿ ಹಳೆಯ ಪಾಠ. ತಾಳವಾದ್ಯದವರ ಹೊರೆ ಇನ್ನೂ ದೊಡ್ಡದು. ಸ್ನೇರ್ ಡ್ರಮ್ಮಿನ 40 ಮೂಲ ಬಡಿತಗಳ ಪಟ್ಟಿಯೇ ಒಂದಿದೆ. ಅದರ ಜೊತೆಗೆ ಮರಿಂಬದಂಥ ಸ್ವರಪಟ್ಟಿಯ ವಾದ್ಯವನ್ನೂ ಟಿಂಪನಿಯನ್ನೂ ಕಲಿಯಬೇಕು.

ಎಲ್ಲರಿಗೂ ಸಮಾನವಾದ ಪಾಠ ಒಂದಿದೆ: ಲಾಂಗ್ ಟೋನ್. ಒಂದೇ ಸ್ವರವನ್ನು ಉಸಿರಿರುವಷ್ಟು ಹೊತ್ತು, ಅಲುಗದಂತೆ, ಒಂದೇ ಗಾತ್ರದಲ್ಲಿ ಹಿಡಿಯುವುದು. ಎದುರಿಗೆ ಶ್ರುತಿ ಅಳೆಯುವ ಟ್ಯೂನರ್ ಇಟ್ಟುಕೊಂಡರೆ ಸ್ವರ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದು ಮುಳ್ಳಿನಲ್ಲಿ ಕಾಣುತ್ತದೆ. ಇದರ ಮುಂದಿನ ಹೆಜ್ಜೆ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳುವುದು. ಊದುವಾಗ ಗಮನವೆಲ್ಲ ಬೆರಳು, ಉಸಿರುಗಳ ಮೇಲಿರುತ್ತದೆ. ಕೇಳುವಾಗ ಮಾತ್ರ ಲಯ ಎಲ್ಲಿ ಓಡಿತು, ಸ್ವರ ಎಲ್ಲಿ ಸೊರಗಿತು ಎಂಬುದು ತಿಳಿಯುತ್ತದೆ. ಈ ಪರೀಕ್ಷೆಯಿಂದ ಮಗುವಿಗೆ ದಕ್ಕುವ ಅತಿ ದೊಡ್ಡ ವಿದ್ಯೆ ತನ್ನ ನಾದವನ್ನು ತಾನೇ ಪರರಂತೆ ಕೇಳಿಸಿಕೊಳ್ಳುವುದು. ಗುಂಪಿನೊಳಗೆ ಮರೆಯಾಗಿ ಕೂತರೆ ಅದು ಎಂದಿಗೂ ಬಾರದು.

ತರಗತಿಯ ಈ ಚಿಕ್ಕ ಪರೀಕ್ಷೆಯ ಮೇಲ್ತುದಿಯಲ್ಲಿದೆ ಟೆಕ್ಸಾಸಿನ ‘ಆಲ್ ಸ್ಟೇಟ್’ ಆಯ್ಕೆ, ಅಂದರೆ ಇಡೀ ರಾಜ್ಯದ ತಂಡಗಳಿಗೆ ವಿದ್ಯಾರ್ಥಿಗಳನ್ನು ಆರಿಸುವ ಪರೀಕ್ಷೆ. ಬೇಸಿಗೆಯಲ್ಲಿ ಪ್ರತಿ ವಾದ್ಯಕ್ಕೂ ಆ ವರ್ಷದ ಎಟ್ಯೂಡುಗಳು ಪ್ರಕಟವಾಗುತ್ತವೆ. ಹಳ್ಳಿಯ ಶಾಲೆಗೂ ಹ್ಯೂಸ್ಟನ್ನಿನ ದೊಡ್ಡ ಶಾಲೆಗೂ ಅವೇ ಕೃತಿಗಳು. ಹಂತಹಂತವಾಗಿ ಸೋಸುತ್ತ ಜನವರಿಯ ಹೊತ್ತಿಗೆ ಕೊನೆಯ ಸುತ್ತು. ವಾದ್ಯಗಾರರು, ಗಾಯಕರು ಎಲ್ಲ ಸೇರಿ 70,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಮೊದಲ ಸುತ್ತಿಗೆ ಬರುತ್ತಾರೆ. ಕೊನೆಗೆ ಉಳಿಯುವವರು ಅವರಲ್ಲಿ ಸಣ್ಣ ಪಾಲು ಮಾತ್ರ. ಅವರು ಫೆಬ್ರವರಿಯಲ್ಲಿ ಸ್ಯಾನ್ ಆಂಟೋನಿಯೋದಲ್ಲಿ ಸೇರಿ ಕೆಲವೇ ದಿನಗಳ ಅಭ್ಯಾಸದಲ್ಲಿ ಕಛೇರಿ ನೀಡುತ್ತಾರೆ.

ಈ ಆಯ್ಕೆಯಲ್ಲಿ ತೀರ್ಪುಗಾರರಿಗೂ ವಾದಕರಿಗೂ ನಡುವೆ ಪರದೆ ಇರುತ್ತದೆ. ವಿದ್ಯಾರ್ಥಿಗೆ ಹೆಸರಿಲ್ಲ, ಒಂದು ಗುರುತಿನ ಸಂಖ್ಯೆ ಮಾತ್ರ. ಆತ ಬಾಯಿಬಿಟ್ಟು ಮಾತಾಡುವಂತಿಲ್ಲ. ಏನಾದರೂ ಕೇಳಬೇಕಿದ್ದರೆ ಕೋಣೆಯಲ್ಲಿರುವ ಸಹಾಯಕರ ಕಿವಿಯಲ್ಲಿ ಹೇಳಬೇಕು. ಹುಡುಗನೋ ಹುಡುಗಿಯೋ, ಯಾವ ಬಣ್ಣ, ಯಾವ ಶಾಲೆ ಎಂಬುದೊಂದೂ ಪರದೆಯಾಚೆಗೆ ತಲುಪುವುದಿಲ್ಲ. ವಲಸೆ ಬಂದ ಮನೆಗಳ ಮಕ್ಕಳಿಗೆ ಈ ವ್ಯವಸ್ಥೆ ಕೊಡುವ ಭರವಸೆ ಸಣ್ಣದಲ್ಲ. ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್ ಸುತ್ತಮುತ್ತ ನೆಲೆಸಿದ ಕನ್ನಡ ಮನೆಗಳಲ್ಲೂ ವಾರವೆಲ್ಲ ಬ್ಯಾಂಡ್, ವಾರಾಂತ್ಯಕ್ಕೆ ಕರ್ನಾಟಕ ಸಂಗೀತದ ಪಾಠ ಎಂದು ಎರಡು ದಾರಿಯಲ್ಲಿ ನಡೆಯುವ ಮಕ್ಕಳಿದ್ದಾರೆ. ಒಂದು ಕಡೆ ಸ್ವರವನ್ನು ಗಮಕದಲ್ಲಿ ತೂಗಬೇಕು, ಇನ್ನೊಂದು ಕಡೆ ಗೆರೆ ಎಳೆದಂತೆ ನೇರ ಹಿಡಿಯಬೇಕು.

ಇಡೀ ತಂಡಕ್ಕೂ ವರ್ಷಕ್ಕೊಂದು ಪರೀಕ್ಷೆ ಉಂಟು. ವಸಂತದಲ್ಲಿ ನಡೆಯುವ ಸ್ಪರ್ಧೆಯಲ್ಲಿ ವೇದಿಕೆಯ ಮೇಲೆ ತಯಾರಾದ ಕೃತಿಗಳನ್ನು ನುಡಿಸಿದ ಮೇಲೆ ಬ್ಯಾಂಡನ್ನು ಇನ್ನೊಂದು ಕೋಣೆಗೆ ಕರೆದೊಯ್ದು ಯಾರೂ ಕಾಣದ ಕೃತಿಯೊಂದನ್ನು ಕೈಗೆ ಕೊಡುತ್ತಾರೆ. ಮೇಷ್ಟ್ರು ಗೊತ್ತುಪಡಿಸಿದ ಕೆಲವು ನಿಮಿಷ ಅದನ್ನು ಬಾಯಲ್ಲೇ ವಿವರಿಸಬಹುದು. ಮಕ್ಕಳು ಸದ್ದಿಲ್ಲದೆ ಬೆರಳಾಡಿಸಬಹುದು, ಊದುವಂತಿಲ್ಲ. ಅವಧಿ ಮುಗಿದೊಡನೆ ಒಂದೇ ಸಲಕ್ಕೆ ನುಡಿಸಬೇಕು. ಒಬ್ಬೊಬ್ಬರಾಗಿ ಓದಲು ಕಲಿತ ತಂಡ ಯಾವುದು, ಪಕ್ಕದವರನ್ನು ನೆಚ್ಚಿ ಬಂದ ತಂಡ ಯಾವುದು ಎಂಬುದು ಆ ಕೋಣೆಯಲ್ಲಿ ಕೂಡಲೇ ಕೇಳಿಸುತ್ತದೆ.

ಈ ವ್ಯವಸ್ಥೆಗೆ ತನ್ನದೇ ನೋವುಗಳೂ ಇವೆ. ಟ್ಯೂಬಾ, ಯುಫೋನಿಯಂನಂಥ ದೊಡ್ಡ ವಾದ್ಯಗಳನ್ನು ಶಾಲೆಗಳೇ ಕೊಡುವುದುಂಟು. ಕೊಳಲು, ಕ್ಲಾರಿನೆಟ್ಟುಗಳನ್ನು ಮನೆಯವರು ಕೊಳ್ಳಬೇಕು ಇಲ್ಲವೇ ಬಾಡಿಗೆಗೆ ತರಬೇಕು. ಖಾಸಗಿ ಪಾಠ ಹೇಳಿಸಿಕೊಳ್ಳಬಲ್ಲ ಮಗುವಿಗೂ ಹೇಳಿಸಿಕೊಳ್ಳಲಾಗದ ಮಗುವಿಗೂ ಅಂತರವನ್ನು ಯಾವ ಪರದೆಯೂ ಅಳಿಸಲಾರದು. ಟೆಕ್ಸಾಸಿನಲ್ಲಿ 1984ರಲ್ಲಿ ಬಂದ ಕಾನೂನಿನ ಪ್ರಕಾರ ಬೇರೆ ವಿಷಯದಲ್ಲಿ ನಪಾಸಾದವರು ಸ್ವಲ್ಪ ಕಾಲ ಸ್ಪರ್ಧೆಗಳಿಂದ ದೂರ ಉಳಿಯಬೇಕು. ಎಲ್ಲರೆದುರು ಒಂಟಿಯಾಗಿ ಊದುವ ಭಯವಂತೂ ಸಾಚಾ. ಕೈ ಬೆವರುತ್ತದೆ, ಬಾಯಿ ಒಣಗುತ್ತದೆ, ಉಸಿರು ಚಿಕ್ಕದಾಗುತ್ತದೆ; ಊದುವ ವಾದ್ಯಕ್ಕೆ ಉಸಿರೇ ಬಂಡವಾಳ. ಅದಕ್ಕಾಗಿ ಕೆಲವು ಶಿಕ್ಷಕರು ತರಗತಿಯ ಪರೀಕ್ಷೆಯನ್ನು ಧ್ವನಿಮುದ್ರಿಸಿ ಕಳುಹಿಸಲು ಬಿಡುತ್ತಾರೆ. ಇನ್ನು ಕೆಲವರು ಮೊದಲು ಇಬ್ಬರು ಗೆಳೆಯರ ಮುಂದೆ, ಆಮೇಲೆ ಒಂದು ಗುಂಪಿನ ಮುಂದೆ, ಕೊನೆಗೆ ಪರದೆ ಕಟ್ಟಿ ಅಣಕು ಪರೀಕ್ಷೆ ನಡೆಸಿ ಭಯವನ್ನು ಮೆಲ್ಲಗೆ ಕರಗಿಸುತ್ತಾರೆ.

ಬ್ಯಾಂಡ್ ವಾದ್ಯಗಳ ಪರಿಚಯ ಕನ್ನಡನಾಡಿಗೂ ಹಳೆಯದು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದ ದಕ್ಷಿಣ ಕನ್ನಡದ ನಾಗಸ್ವರ ಮನೆತನದ ಯುವಕ, ವರ್ಷಗಟ್ಟಲೆ ಅದನ್ನು ತಿದ್ದಿ ತೀಡಿ ಗಮಕ ನುಡಿಯುವಂತೆ ಮಾಡಿ ಕದ್ರಿ ಗೋಪಾಲನಾಥರೆನಿಸಿಕೊಂಡರು. ಇಲ್ಲಿನ ಎಷ್ಟೋ ಶಾಲೆಗಳಲ್ಲಿ ಇಂದಿಗೂ ಡ್ರಮ್ಮು, ಬ್ಯೂಗಲ್, ಕೊಳಲುಗಳ ತಂಡವಿದೆ. ಸ್ವಾತಂತ್ರ್ಯ ದಿನಕ್ಕೂ ಗಣರಾಜ್ಯೋತ್ಸವಕ್ಕೂ ಅವು ಮೈದಾನಕ್ಕಿಳಿಯುತ್ತವೆ. ಸಂಗೀತದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಮೂಲಕ ಒಬ್ಬೊಬ್ಬರನ್ನೇ ಕೂರಿಸಿ ಕೇಳುವ ಶಿಸ್ತೂ ನಮ್ಮಲ್ಲಿದೆ. ಈ ಎರಡೂ ಒಂದೇ ಶಾಲೆಯ ಅಂಗಳದಲ್ಲಿ ಸೇರಲು ದುಬಾರಿ ವಾದ್ಯ ಬೇಕಿಲ್ಲ. ಪೆರೇಡಿನ ತಾಲೀಮು ಆರಂಭವಾಗುವ ಮುನ್ನ ಪ್ರತಿ ಮಗುವಿಗೂ ಒಂದು ಸಾಲು ಕೊಟ್ಟು, ವಾರಕ್ಕೊಮ್ಮೆ ಒಬ್ಬೊಬ್ಬರಿಂದ ಕೇಳಿಸಿಕೊಂಡು, ಎಲ್ಲಿ ತಪ್ಪಿತು ಎಂದು ಹೇಳುವ ಒಬ್ಬ ಮೇಷ್ಟ್ರು ಇದ್ದರೆ ಮುಂದಿನ ಆಗಸ್ಟ್ 15ಕ್ಕೇ ಬ್ಯಾಂಡಿನ ಸ್ವರ ಬದಲಾಗಿರುತ್ತದೆ.